ಹಬ್ಬವಿಲ್ಲದ ಮನೆಗೆ ಬಂದ ಬನ್ನಿ

ಎಪ್ಪತ್ತರ ದಶಕದ ನಡುವಿನ ವರ್ಷಗಳು. ಧಾರವಾಡದಲ್ಲಿ ಎಂ.ಎ. ಮುಗಿಸಿದ ನಾನು ಆಲಮೇಲದ ಆಚೆ, ಭೀಮೆಯ ದಂಡೆಯ ಒಂದು ಊರಿನ ಹೈಸ್ಕೂಲಿಗೆ ಶಿಕ್ಷಕಿಯಾಗಿ ಹೋದೆ. ಆ ಸೀಮೆಯಲ್ಲಿ ಎರಡು ಪಾರ್ಟಿಗಳ ಹಗೆತನ ನಾನು ಹುಟ್ಟುವ ಮೊದಲಿನಿಂದ ನಡೆದಿತ್ತು. ಹೊಲದ ಬದುವಿನಲ್ಲಿ ಶುರುವಾಗಿ, ಪಂಚಾಯಿತಿಗೆ ಬಂದು, ತಾಲ್ಲೂಕು ಬೋರ್ಡಿಗೆ ಏರಿತ್ತು. ಇಂಥವರನ್ನು ಯಾಕೆ ಕೊಂದರು ಎಂದು ಕೇಳಿದರೆ ಜನ ಅದರ ಹಿಂದಿನ ಕೊಲೆಯನ್ನು ಹೇಳುತ್ತಿದ್ದರು. ಅದು ಯಾಕೆ ಎಂದರೆ ಅದರ ಹಿಂದಿನದನ್ನು. ಕೇಳುವುದನ್ನು ನಾನು ಬೇಗ ಬಿಟ್ಟೆ.

ಒಂದು ಪಾರ್ಟಿಯ ಮುಖಂಡರ ಮನೆಯಲ್ಲಿ, ಹೊರಗಿನ ಕೋಣೆಯೊಂದರಲ್ಲಿ ನಾನು ಬಾಡಿಗೆಗಿದ್ದೆ. ಮರುವರ್ಷದ ಬೇಸಿಗೆಯಲ್ಲಿ ಚುನಾವಣೆಯ ಪ್ರಚಾರಕ್ಕೆಂದು ಇಂಡಿಗೆ ಹೋಗಿದ್ದ ಅವರನ್ನು ಹಾಡಹಗಲೇ ಗುಂಡಿಟ್ಟು ಕೊಂದರು. ಎರಡೂ ಕಡೆಯವರ ಮದುವೆಗೆ ಹೋಗಿ ಉಂಡು ಬರುತ್ತಿದ್ದ ಮನುಷ್ಯ ಅವರೊಬ್ಬರೇ. ಅದಕ್ಕೋ ಏನೋ, ಇದೇ ಕೊನೆಯದು ಎಂದು ಎಲ್ಲರೂ ಹೇಳತೊಡಗಿದರು. ರಜೆಗೆ ಬಸವನ ಬಾಗೇವಾಡಿಗೆ ಹೋದಾಗ ಕಂದಾಯ ಇಲಾಖೆಯಲ್ಲಿದ್ದ ನಮ್ಮ ತಂದೆಯೂ ಅದನ್ನೇ ಹೇಳಿದರು.

"ಇನ್ನ ಶಾಂತ ಆಗ್ತದ, ನೋಡ್ತಿರು. ಮಂದಿಗೂ ಸಾಕಾಗ್ಯದ."

"ಹೋದ ಸಲಾನೂ ಹಿಂಗಽ ಅಂದಿದ್ರಿ," ಎಂದಳು ತಾಯಿ. ತಂದೆ ಪೇಪರು ಮಡಚಿಟ್ಟರು.

ಮಂದಿಗೆ ಸಾಕಾಗಿದ್ದು ನಿಜ. ಎರಡು ಪಾರ್ಟಿಯ ಹುಡುಗಿಯರನ್ನು ದಿನವೂ ಬೇರೆ ಬೇರೆ ಕೂಡಿಸಿ ಪಾಠ ಹೇಳುವುದು ನನಗೂ ಸಾಕಾಗಿತ್ತು.

ಸತ್ತವರಿಗೆ ಒಬ್ಬ ತಮ್ಮನಿದ್ದ. ಅಣ್ಣನ ಮಣ್ಣಾದ ದಿನದಿಂದ ಅವನು ಗಡ್ಡ ಬಿಟ್ಟ. ಸೇಡು ತೀರುವ ತನಕ ತೆಗೆಯುವುದಿಲ್ಲ ಎಂದು ಆ ಸೀಮೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಗಡ್ಡ ನೋಡಿದರೆ ತಿಳಿಯುತ್ತದೆ. ಅವನ ಅತ್ತಿಗೆ, ಎಂದರೆ ಸತ್ತವರ ಹೆಂಡತಿ, ಆ ಮನೆಗೆ ಸೊಸೆಯಾಗಿ ಬಂದಾಗ ಅವನಿನ್ನೂ ಅಂಗಳದಲ್ಲಿ ಆಡುವ ವಯಸ್ಸಿನವನು. ಮಕ್ಕಳಿರದ ಗೌಡ್ತಿ ಅವನನ್ನೇ ಬೆಳೆಸಿದ್ದಳು. "ಹೋದವರು ಹೋದ್ರು. ಇಂವಾ ಒಬ್ಬ ಉಳದ್ರ ಸಾಕ್ರಿ ಅಕ್ಕೋರ," ಎಂದು ನನಗೊಮ್ಮೆ ಹೇಳಿದಳು. ಆಕೆ ಬೇರೇನನ್ನೂ ಬೇಡಿದ್ದನ್ನು ನಾನು ಕೇಳಲಿಲ್ಲ.

ವಾರಕ್ಕೊಮ್ಮೆ ಕ್ಷೌರದ ಮುದುಕ ಕಟ್ಟೆಗೆ ಬಂದು ಕೂಡುತ್ತಿದ್ದ. "ಸಣ್ಣ ಗೌಡ್ರ, ಈ ಸಲ ಮಳಿ ಇಲ್ಲದಽ ಬೆಳದದ್ದು ನಿಮ್ಮ ಗಡ್ಡ ಒಂದಽ ನೋಡ್ರಿ. ಕೊಯ್ಯೂಣೇನು?"

"ಮುಂದಿನ ವಾರ ಬಾ."

"ವಾರಾ ವಾರಾ ಇದನ್ನಽ ಹೇಳ್ತೀರಿ," ಎಂದು ಅವನು ಚೀಲ ಎತ್ತಿಕೊಂಡು ಏಳುತ್ತಿದ್ದ. ಒಳಗೆ ರೊಟ್ಟಿ ಬಡಿಯುವ ಸದ್ದು ಅಷ್ಟು ಹೊತ್ತು ನಿಂತಿರುತ್ತಿತ್ತು.

ಮಳೆಗಾಲದ ಕೊನೆಗೆ ಸಿಂದಗಿ ಕಡೆಯ ಮಠವೊಂದರ ಸ್ವಾಮಿಗಳು ಎರಡೂ ಕಡೆಯ ಹಿರಿಯರನ್ನು ಕರೆಸಿ ಕೂಡಿಸಿದರು. ಊರವರು ಅವರನ್ನು ಅಜ್ಜಾರು ಎನ್ನುತ್ತಿದ್ದರು. ವಿಜಯದಶಮಿಯ ಸಂಜೆ ಎದುರು ಪಾರ್ಟಿಯ ಹಿರಿಯರು ಈ ಮನೆಗೆ ಬಂದು ಬನ್ನಿ ಕೊಡಬೇಕು, ತಮ್ಮನು ತೆಗೆದುಕೊಳ್ಳಬೇಕು ಎಂದು ತೀರ್ಮಾನವಾಯಿತು. ಬನ್ನಿ ಎಲೆ ಕೊಟ್ಟು ತೆಗೆದುಕೊಂಡ ಕೈಗಳು ಮತ್ತೆ ಒಂದರ ಮೇಲೊಂದು ಏಳಬಾರದು. ಸಭೆಯಲ್ಲಿ ಎಲ್ಲರೂ ತಲೆದೂಗಿದರಂತೆ. ತಮ್ಮನೂ ಸುಮ್ಮನೆ ಕೂತಿದ್ದನಂತೆ. ಗೌಡ್ತಿ ಅದನ್ನೇ ಒಪ್ಪಿಗೆ ಎಂದು ತಿಳಿದಳು. ನಾನೂ ತಿಳಿದೆ.

ಆ ಸಂಜೆ ಆ ಕಡೆಯ ಮುದುಕರೊಬ್ಬರು ನಾಲ್ಕಾರು ಜನರೊಂದಿಗೆ ಬಂದರು. ಯಾರ ಕೈಯಲ್ಲೂ ಬಡಿಗೆ ಇರಲಿಲ್ಲ. ಗಂಡ ಸತ್ತ ಹೆಂಗಸು ವರ್ಷ ತುಂಬುವ ತನಕ ಪಡಸಾಲೆಗೆ ಬರುವಂತಿಲ್ಲ. ಹಾಗಾಗಿ ಗೌಡ್ತಿ ಒಳಬಾಗಿಲ ಮರೆಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ನಾನಿದ್ದೆ.

"ಬನ್ನಿ ತಗೋ ತಮ್ಮಾ. ಬಂಗಾರದಂಗ ಇರೂಣು," ಎಂದರು ಮುದುಕರು.

ಅವನು ಕೈ ಚಾಚಲಿಲ್ಲ. "ತಪ್ಪ ತಿಳ್ಕೋಬ್ಯಾಡ್ರಿ ಕಾಕಾ. ನಮ್ಮನ್ಯಾಗ ಈ ವರ್ಷ ಹಬ್ಬ ಇಲ್ರಿ."

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡುವುದಿಲ್ಲ, ಬನ್ನಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅಷ್ಟು ಜನ ಹಿರಿಯರು ಕೂತು ದಿನ ಗೊತ್ತುಮಾಡುವಾಗ ಜಗಳ ಮುಗಿಸುವ ದಿನ ಎಂದಷ್ಟೇ ನೆನೆದಿದ್ದರು, ಸತ್ತವರ ಮನೆ ಎಂಬುದನ್ನು ಮರೆತಿದ್ದರು.

"ಅಜ್ಜಾರ ಮುಂದ ಯಾಕ ಹೇಳಲಿಲ್ಲೋ?"

"ನನ್ನ ಯಾರ ಕೇಳಿದ್ರು?"

ಮುದುಕರ ಹಿಂದಿದ್ದವನೊಬ್ಬ, "ನಡೀರಿ ಹೋಗೂಣು, ಇವನ ಮಾರಿ ಮ್ಯಾಲಽ ಬರದೈತಿ," ಎಂದು ಗೊಣಗಿದ. ಆಗ ಗೌಡ್ತಿ ನನ್ನ ಪಕ್ಕದಿಂದ ಹೋದಳು. ನಾನು ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಪಡಸಾಲೆ ದಾಟಿ ಮುದುಕರ ಎದುರು ನಿಂತು ಸೆರಗು ಒಡ್ಡಿದಳು.

"ಕಾಕಾ, ಸತ್ತಾಂವ ನನ್ನ ಗಂಡ. ನನಗ ಕೊಡ್ರಿ."

ಗಂಡನಿಲ್ಲದವಳ ಸೆರಗಿಗೆ ಯಾರೂ ಏನೂ ಹಾಕುವ ರೂಢಿಯಿಲ್ಲ. ಮುದುಕರು ಬಹಳ ಹೊತ್ತು ಎಲೆಗಳನ್ನು ಹಿಡಿದೇ ನಿಂತರು. ಆಮೇಲೆ ಆಕೆಯ ಮುಖ ನೋಡದೆ ಸೆರಗಿಗೆ ಹಾಕಿ, ಕೊಟ್ಟ ನೀರನ್ನೂ ಕುಡಿಯದೆ ಹೊರಟುಹೋದರು.

"ನೀವು ತಗೊಂಡಿದ್ದು ನಿಮ್ಮ ಪಾಲಿಂದು, ವೈನಿ," ಎಂದ ಮೈದುನ. "ನನ್ನ ಪಾಲಿಂದು ಹಂಗಽ ಐತಿ."

"ನಿಮ್ಮಣ್ಣನ ಹೆಣದಾಗೂ ನಿನಗ ಪಾಲ ಬೇಕೇನು?" ಎಂದು ಆಕೆ ಒಳಗೆ ನಡೆದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದಲೇ, "ಉಣ್ಣಾಕ ಬಾ," ಎಂದು ಕೂಗಿದಳು. ಅವನು ಹೋಗಿ ಉಂಡ.

ರಾಜಿಯಾಯಿತು ಎಂದು ಅರ್ಧ ಊರು ಹೇಳಿತು. ಹೆಂಗಸು ತೆಗೆದುಕೊಂಡ ಬನ್ನಿ ಲೆಕ್ಕಕ್ಕಿಲ್ಲ ಎಂದು ಉಳಿದರ್ಧ ಹೇಳಿತು. ನನ್ನನ್ನೂ ಕೇಳುತ್ತಿದ್ದರು, ನಾನು ಆ ಮನೆಯಲ್ಲಿ ಇರುವವಳಲ್ಲವೇ. ಏನು ಹೇಳುವುದು? ಗಡ್ಡ ಹಾಗೆಯೇ ಇತ್ತು, ಅವನೂ ಮನೆಯಲ್ಲೇ ಇದ್ದ.

ಗೌಡ್ತಿ ಅವನನ್ನು ಮತ್ತೆ ಬೇಡಲಿಲ್ಲ. ಅವನ ಕೈಗೆ ಬಿಡುವಿರದಂತೆ ಕೆಲಸ ಹಚ್ಚತೊಡಗಿದಳು. ಹಿಂಗಾರಿ ಜೋಳದ ಬಿತ್ತನೆಗೆ ಎತ್ತು ಸಾಲುವುದಿಲ್ಲವೆಂದು ಮುದ್ದೇಬಿಹಾಳದ ಕಡೆ, ತಂಗಡಗಿಯ ತನ್ನ ತವರಿಗೆ ಕಳಿಸಿದಳು. ಅವನು ಕೃಷ್ಣೆಯ ದಂಡೆಯಿಂದ ಭೀಮೆಯ ದಂಡೆಗೆ ಜೋಡೆತ್ತು ನಡೆಸಿಕೊಂಡು ಬಂದ. ಬಿತ್ತಿದ. ಬಿತ್ತನೆ ಮುಗಿದ ಮೇಲೆ ಕಾಳು ತುಂಬುವ ನೆಲದೊಳಗಿನ ಹಗೇವು ಕೆರೆಸಿದಳು, ಕಣದ ಗೋಡೆ ಕಟ್ಟಿಸಿದಳು, ಗಟ್ಟಿಯಾಗಿಯೇ ಇದ್ದ ಬಂಡಿಯ ಗಾಲಿಯನ್ನು ಬಡಿಗರ ಹತ್ತಿರ ಕಳಿಸಿದಳು. ಮರುದಿನಕ್ಕೊಂದು ಕೆಲಸ ಸಿಕ್ಕ ಸಂಜೆ ಆಕೆಯ ಮುಖ ಸಡಿಲವಾಗಿರುತ್ತಿತ್ತು. ಹೀಗೆ ಎಷ್ಟು ಕಾಲ ಎಂದು ನಾನು ಕೇಳಲಿಲ್ಲ. ಆಕೆ ದಣಿದಿದ್ದಳು.

ಒಂದು ಸಂಜೆ ನನ್ನ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು.

"ಅಕ್ಕೋರ, ನಾಳಿಗೆ ಏನೂ ಕೆಲಸ ನೆಪ್ಪಾಗವಲ್ದು."

ಇನ್ನೊಬ್ಬರ ಮನೆಯ ಮಾತಿಗೆ ನಾನು ಹೋಗುವವಳಲ್ಲ. ಆದರೂ, "ನನ್ನ ಖೋಲಿ ಮಾಳಿಗಿ ಸೋರಲಿಕತ್ತದ," ಎಂದೆ. ಮಳೆ ನಿಂತು ಎಷ್ಟೋ ದಿನವಾಗಿತ್ತು. ಆಕೆ ಮೇಲೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಕಳಸ್ತೇನ್ರಿ," ಎಂದು ಹೋದಳು.

ಮರುದಿನ ರವಿವಾರ. ಅವನು ಮಣ್ಣಿನ ಬುಟ್ಟಿ ಹೊತ್ತು ಬಂದು ಕೋಣೆಯ ಜಂತಿಗಳನ್ನು ಒಂದೊಂದಾಗಿ ನೋಡಿದ. ಎಲ್ಲ ಒಣಗಿದ್ದವು.

"ಎಲ್ಲಿ ಸೋರತೈತ್ರಿ?"

"ಆ ಮೂಲ್ಯಾಗ."

ಅವನು ಆ ಮೂಲೆಯನ್ನೂ ನೋಡಿದ. ಆಮೇಲೆ ಏಣಿ ಹಚ್ಚಿ ಮಣ್ಣಿನ ಮಾಳಿಗೆ ಹತ್ತಿದ. ಅವನು ಮಣ್ಣು ಹರಡಿ ತುಳಿಯುವ ಸದ್ದು ಮಧ್ಯಾಹ್ನದ ತನಕ ನನ್ನ ತಲೆಯ ಮೇಲೆ ಕೇಳುತ್ತಿತ್ತು.