ತುಂಬಿದ ಫೋನು

"ಮೊದಲ ಉಣ್ರಿ, ಆಮ್ಯಾಲ ನೀರು ಕಟ್ಟಾಕ ಹೋಗ್ರಿ."

ಸಿಂಧನೂರಿನ ಆಸ್ಪತ್ರೆಯಿಂದ ನನ್ನ ಹೆಂಡತಿ ಫೋನಿನಲ್ಲಿ ಮಾತಾಡಿ ಕಳಿಸಿದ ಕಡೇ ಮಾತು ಅದು. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ಕಾಲುವೆಗೆ ನೀರು ಬಿಟ್ಟರೆಂದು ಊರಿನ ಕಾಲುವೆ ವಾಟ್ಸಾಪ್ ಗ್ರೂಪಿನಲ್ಲಿ ನೋಡಿ ನಾನು ಅವಳನ್ನು ಅಲ್ಲೇ ಬಿಟ್ಟು ನಮ್ಮೂರು ಮುಕ್ಕುಂದಕ್ಕೆ ಬಂದಿದ್ದೆ.

ಮೊನ್ನೆ ಫೋನು ತುಂಬಿ ನಿಂತುಹೋಯಿತು. ಮೊಬೈಲ್ ಅಂಗಡಿಯ ಹೆಣ್ಣುಮಗಳು ಏನು ಅಳಿಸಬೇಕೆಂದು ನೋಡುತ್ತ ಆ ಮಾತನ್ನೇ ಒತ್ತಿದಳು. ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಪಕ್ಕದಲ್ಲಿದ್ದವನೊಬ್ಬ ನಕ್ಕ.

"ಉಂಡ್ರೇನು ಮತ್ತ, ಕಾಕಾ?"

"ಇಲ್ಲಪಾ. ನೀರು ಹೋದೀತಂತ ಗದ್ದಿಗೆ ಓಡಿದೆ. ತಿರುಗಿ ದವಾಖಾನಿಗೆ ಬರೋದ್ರಾಗ ಆಕಿ ಹೋಗಿದ್ಲು."

ಅವನು ತಲೆ ತಗ್ಗಿಸಿದ.

"ಇದನ್ನ ಮುಟ್ಟಂಗಿಲ್ರಿ," ಎಂದಳು ಅಂಗಡಿಯವಳು ಮೆಲ್ಲಗೆ. "ಆದ್ರ ಕಾಲುವಿ ಗ್ರೂಪಿನ ಗುಡ್ ಮಾರ್ನಿಂಗ್ ಫೋಟೋ ರಾಶಿ ಅದಾವ. ಅಳಿಸಿದ್ರೂ ಮತ್ತ ತುಂಬತಾವ. ಗ್ರೂಪ್ ಬಿಟ್ಟುಬಿಡ್ರಿ."

"ಬಿಟ್ರ ನೀರು ಬಂದದ್ದು ಯಾರು ಹೇಳ್ತಾರವ್ವಾ?"

ಅವಳು ನನ್ನ ಹೆಂಡತಿಯ ಮಾತಿದ್ದ ಕಡೆ ಬೆರಳು ತೋರಿಸಿ, "ಇದಕ್ಕ ಜಾಗ ಬೇಕಲ್ರಿ," ಎಂದಳು. "ಹಂಗಾದ್ರ ತಗೀ ನನ್ನ ಆ ಗ್ರೂಪಿನಾಗಿಂದ," ಎಂದೆ.

ಮರುದಿನ ಬೆಳಿಗ್ಗೆ ನೀರು ಬಂದಿದೆಯೋ ಇಲ್ಲವೋ ನೋಡಲು ಕಾಲುವೆಯವರೆಗೆ ನಡೆದು ಹೋದೆ. ಬಂದಿರಲಿಲ್ಲ. ಆದರೆ ಉಂಡೇ ಹೋಗಿದ್ದೆ.