ಪರದೆಯ ಮೇಲೆ ಸೋತ ಕುದುರೆ

ಮದುವೆಮನೆಯ ಜನರೇಟರಿನ ಹೊಗೆ ಮೂಗಿಗೆ ಬಡಿದರೆ ಈ ವಯಸ್ಸಿನಲ್ಲೂ ನಾನು ಎದ್ದು ದೂರ ಹೋಗಿ ಕೂರುತ್ತೇನೆ. ಸಾವಿರದ ಒಂಬೈನೂರ ನಲವತ್ತೆಂಟರ ಬೇಸಗೆಯಲ್ಲಿ ಅಫಜಲಪುರದ ಟೆಂಟ್ ಸಿನೆಮಾದ ಹಿಂದೆ ಅದೇ ಹೊಗೆ ಗೋಣಿತಟ್ಟಿನ ಧೂಳಿನೊಡನೆ ಬೆರೆತು ಕಣ್ಣುರಿಸುತ್ತಿತ್ತು. ದಂಗೆಯಲ್ಲಿ ನಮ್ಮ ಸೀಮೆಯ ಊರುಗಳಿಗೆ ಬೆಂಕಿ ಬಿದ್ದ ಸುದ್ದಿ ದಿನವೂ ಬರುತ್ತಿದ್ದ ಕಾಲ. ಭೀಮೆಯ ಆಚೆ ದಂಡೆ ಮುಂಬೈ ಸರಕಾರದ ಸೀಮೆ. ಹೊತ್ತು ಬಂದರೆ ದಾಟಬೇಕೆಂದು ಗಂಟು ಕಟ್ಟಿಟ್ಟಿದ್ದೆವು. ಬಂಡಿಯ ದಾರಿಗೆ ಕಾವಲಿತ್ತು. ಸೊಂಟ ಬಿದ್ದಿದ್ದ ಆಯಿಯನ್ನು, ಅಂದರೆ ನನ್ನ ಅಪ್ಪನ ತಾಯಿಯನ್ನು, ಜಾಲಿಯ ನಡುವಿನ ಕಾಲುದಾರಿಯಲ್ಲಿ ಒಯ್ದು ಹೊಳೆ ದಾಟಿಸಲು ಇದ್ದದ್ದು ಕಾಕಾ, ಅಂದರೆ ಅಪ್ಪನ ತಮ್ಮ, ಸಾಕಿದ ಒಂದೇ ಒಂದು ಬಿಳಿ ಕುದುರೆ. ಅಪ್ಪ ತೀರಿಕೊಂಡ ಮೇಲೆ ಮನೆಗೆ ಕಾಕಾನೇ ಗಂಡಸು.

ಆಳಂದದ ಮಾಮಾ, ನನ್ನ ಸೋದರತ್ತೆಯ ಗಂಡ, ಕಾಕಾನನ್ನೂ ನನ್ನನ್ನೂ ಸಂಜೆಯಾಟಕ್ಕೆ ಕರೆದೊಯ್ದರು. ಸಿನೆಮಾದಲ್ಲಿ ಕುದುರೆ ಜೂಜಿನಲ್ಲಿ ಎಲ್ಲ ಕಳೆದುಕೊಂಡವನೊಬ್ಬ. ಅವನನ್ನು ಪ್ರೀತಿಸಿ ತನ್ನ ಬಿಳಿ ಕುದುರೆಯನ್ನೇ ಕಡೆಯ ಪಂದ್ಯಕ್ಕೆ ಬಿಟ್ಟ ಹುಡುಗಿಯೊಬ್ಬಳು. ಅವಳು ಬಾಯಿ ತೆರೆಯುವ ಮೊದಲೇ ಮಾಮಾ ಹಾಡಿನ ಧಾಟಿ ಗುನುಗಿದ್ದನ್ನು ನಾನು ಕೇಳಿಸಿಕೊಂಡೆ. ಒಂದು ಸಲವಲ್ಲ, ಮೂರು ಹಾಡಿಗೂ. ಇದ್ದದ್ದು ಒಂದೇ ಯಂತ್ರವಾದ್ದರಿಂದ ಪ್ರತಿ ರೀಲು ಮುಗಿದಾಗಲೂ ಆಟ ನಿಲ್ಲುತ್ತಿತ್ತು. ಆ ಬಿಡುವಿನಲ್ಲಿ ಮುಂದೇನಾದೀತೆಂದು ಗಂಡಸರು ಎಲೆಯಡಿಕೆಗೋ ಚಹಕ್ಕೋ ಬಾಜಿ ಕಟ್ಟುವುದು ರೂಢಿ. ಅಂದು ಕುದುರೆಗಳು ಕಡೆಯ ತಿರುವಿಗೆ ಬಂದಾಗಲೇ ರೀಲು ಮುಗಿದು ದೀಪ ಹತ್ತಿತು.

“ಬಿಳೀದು ಸೋಲ್ತದ ನೋಡಲೇ,” ಎಂದರು ಮಾಮಾ.

“ಅಷ್ಟು ಮನಸಿಟ್ಟಾಕಿ ಕುದುರಿ ಸೋಲ್ತದೇನ್ರಿ ಮಾಮಾ?” ಎಂದ ಕಾಕಾ.

“ಹಂಗಾರ ಹಚ್ಚು ಬಾಜಿ. ಗೆದ್ದರ ನನ್ನ ಜೋಡೆತ್ತು ನಿಂದು, ಸೋತರ ನಿನ್ನ ಕುದುರಿ ನಂದು. ಯಾಕ, ಅಂಜಿದೇನ? ಕೈಗೆ ಬಳಿ ಇಟಗೋ ಹಂಗಾರ!”

ಸುತ್ತಲಿನವರು ನಕ್ಕರು. ಕಾಕಾ ಅವರ ಕೈಮೇಲೆ ಕೈ ಬಡಿದ. “ಬ್ಯಾಡ ಕಾಕಾ, ಮಾಮಾ ಈ ಸಿನೆಮಾ ಮೊದಲೇ ನೋಡ್ಯಾರ,” ಎಂದೆ. “ಏ, ಸುಮ್ಮ ಕೂಡ್ ಬೇ. ಹಲ್ಲು ಬಿದ್ದಾಕಿ ಪಂಚಾಯ್ತಿ ಮಾಡಾಕತ್ತಾಳ!” ಎಂದರು ಮಾಮಾ. ಮತ್ತೆ ನಗು. ಆಗ ನನಗೆ ಮುಂದಿನ ಎರಡು ಹಲ್ಲು ಇರಲಿಲ್ಲ, ನಿಜ. ಕಿವಿ ಎರಡೂ ಇದ್ದವು.

ಬಿಳಿ ಕುದುರೆ ಒಂದು ಕುತ್ತಿಗೆಯಷ್ಟರಲ್ಲಿ ಸೋತಿತು. ಮರುದಿನ ಆಯಿ ಕಾಕಾನನ್ನು ಬೈಯಲಿಲ್ಲ. “ಮಗಳು ಅವರ ಮನ್ಯಾಗ ಅದಾಳ. ಕೊಟ್ಟು ಕಳಸು,” ಎಂದಳು, ಅಷ್ಟೇ.

ಮುಂಗಾರಿನ ಮೊದಲ ನೀರಿಗೆ ಭೀಮೆ ಕೆಂಪಾದ ವಾರವೇ ನಾವು ದಾಟಬೇಕಾಯಿತು. ಕಾಕಾ ಆಯಿಯನ್ನು ಧೋತರದಿಂದ ಬೆನ್ನಿಗೆ ಕಟ್ಟಿಕೊಂಡ. ಹಿಂದೆ ನಾನು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು, ಅವಳ ಸೆರಗು ಹಿಡಿದು ತೇಲುತ್ತಿದ್ದೆ. ನಡುನೀರಿನಲ್ಲಿ ಆಯಿ, “ಭಾರ ಆದ್ನೇನೋ ಯಪ್ಪಾ?” ಎಂದಳು. “ಇಲ್ಲ ಬೇ ಯವ್ವ,” ಎಂದ ಕಾಕಾ. ಎದೆಮಟ್ಟ ನೆನೆದ ಆಯಿ ಆಚೆ ಊರಿನಲ್ಲಿ ಜ್ವರ ಹಿಡಿದು ಐದನೆಯ ದಿನ ತೀರಿಕೊಂಡಳು.

ಆಕೆಯ ಕಾರ್ಯಕ್ಕೆ ಮಾಮಾ ಬಂದರು, ಅದೇ ಕುದುರೆಯ ಮೇಲೆ. ಆ ಅಂಗಳದಲ್ಲಿದ್ದವರಲ್ಲಿ ಇಂದು ಉಳಿದವಳು ನಾನೊಬ್ಬಳೇ. ಆದ್ದರಿಂದ ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ಬಂದವರಿಗೆಲ್ಲ ಕಾಲಿಗೆ ನೀರು ಕೊಡುವುದು ನನ್ನ ಪಾಲಿನ ಕೆಲಸ. ಮಾಮಾನಿಗೆ ಕೊಡಲಿಲ್ಲ. ಅವರು ಕೆಸರುಗಾಲಿನಲ್ಲೇ ನಿಂತರು. ಕಾಕಾ ನನ್ನ ಕೈಯಿಂದ ಕೊಡ ತೆಗೆದುಕೊಂಡ. ಅವರಿಗೆ ಕೊಡಲೆಂದೇ ಅಂದುಕೊಂಡೆ. ಅವನು ಅವರನ್ನು ದಾಟಿ ಹೋಗಿ, ನೆಲಕ್ಕೆ ಕುಕ್ಕರಿಸಿ, ಕುದುರೆಯ ನಾಲ್ಕೂ ಕಾಲುಗಳನ್ನು ಒಂದೊಂದಾಗಿ ತೊಳೆದ.