ಎರಡು ಸಲ ತೂಗಿದ ನೀರು

ಮೂವತ್ತೊಂದು ವರ್ಷದಿಂದ ನಾನು ಲಾರಿಗಳನ್ನು ತೂಗುವ ತೂಕದ ಕಟ್ಟೆಯಲ್ಲಿ ಕೂತಿದ್ದೇನೆ. ಮೂರನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು; ಕೂಡುವುದು ಕಳೆಯುವುದನ್ನು ಲಾರಿ ಚೀಟಿಗಳ ಬೆನ್ನ ಮೇಲೆ ಕಲಿತೆ. ಆದರೂ ಗಾಡಿಯ ಸ್ಪ್ರಿಂಗ್ ಪಟ್ಟಿ ಎಷ್ಟು ಬಗ್ಗಿದೆ ಎಂದು ನೋಡಿಯೇ, ಅಂಕಿ ಮೂಡುವ ಮೊದಲು, ತೂಕ ಹೇಳಬಲ್ಲೆ. ಹೆಚ್ಚೆಂದರೆ ಐವತ್ತು ಕೆಜಿ ಆಚೀಚೆ. ನನ್ನನ್ನೂ ಮೀರಿ ತೂಕ ಬಲ್ಲವನು ಒಬ್ಬನೇ ಇದ್ದ. ಪಕ್ಕದ ಶೆಡ್ಡಿನಲ್ಲಿ ಬಸ್ಸು ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ ಜೋಪಾನ.

ಹೆತ್ತವರು ಇಟ್ಟ ಹೆಸರು ಬೇರೆ. ಚಹಾದ ಲೋಟ ಕೈಗೆ ಕೊಡುವಾಗಲೂ "ಜೋಪಾನ" ಎನ್ನುತ್ತಿದ್ದ, ಮನೆಗೆ ಹೊರಟವರಿಗೂ "ಜೋಪಾನ" ಎನ್ನುತ್ತಿದ್ದ; ಕೊನೆಗೆ ಅದೇ ಅಂಟಿಕೊಂಡಿತು. ಹುಟ್ಟಿನಿಂದ ಬಂದ ಪುಕ್ಕಲುತನವಲ್ಲ ಅದು. ಕೆಲಸ ಕಲಿತ ಹೊಸದರಲ್ಲಿ ಒಬ್ಬ ಮಾಲೀಕನ ಒತ್ತಾಯಕ್ಕೆ ಬಸ್ಸಿನ ನೆತ್ತಿಯ ಮೇಲೆ ಅಳತೆ ಮೀರಿದ ಕ್ಯಾರಿಯರ್ ಕೂರಿಸಿದ್ದ. ಬಸ್ಸು ತಿರುವಿನಲ್ಲಿ ಮಗುಚಿ ಕಂಡಕ್ಟರನ ಕಾಲು ಹೋಯಿತು. ಆ ಕಂಡಕ್ಟರ್ ಊರುಗೋಲು ಕುಟ್ಟುತ್ತ ಶೆಡ್ಡಿನ ಮುಂದೆ ಹಾದುಹೋದಾಗಲೆಲ್ಲ ಇವನು ವೆಲ್ಡಿಂಗ್ ನಿಲ್ಲಿಸಿ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಗಾಡಿಯ ಬಾಗಿಲಿಗೆ ಹೊಡೆದ ಫಲಕದಲ್ಲಿ ಇಷ್ಟು ತೂಕ ಮೀರಬಾರದು ಎಂದಿದ್ದರೆ, ಅಲ್ಲಿಂದ ಮುಂದೆ ಅವನಿಗೆ ಅದರ ಮೇಲೆ ಒಂದು ಕೆಜಿಯೂ ಕೂಡದು.

ಅವನ ತಾಯಿಗೆ ಶ್ವಾಸಕೋಶ ಸೋತಿತ್ತು. ಮೂಗಿಗೆ ನಳಿಗೆ, ಮಂಚದ ಪಕ್ಕದಲ್ಲಿ ಗುರುಗುಟ್ಟುವ ಗಾಳಿಯಂತ್ರ. ಉಸಿರು ಕಟ್ಟಿದಾಗ ಆಕೆಗೆ ಯಂತ್ರಕ್ಕಿಂತ ಮಗನ ಕೈ ಬೇಕು. ಅವನು ಬೆನ್ನಿನ ಮೇಲೆ ಅಂಗೈ ಊರಿ "ನಿಧಾನ ಅಮ್ಮ, ನಿಧಾನ" ಎಂದರೆ ಮಗ್ಗುಲು ಬದಲಿಸಿದ ಕೂಸಿನಂತೆ ಉಸಿರು ದಾರಿಗೆ ಬರುತ್ತಿತ್ತು. ಸೊಸೆ ಅದೇ ಮಾತು ಹೇಳಿ ಅಲ್ಲೇ ಕೈ ಇಟ್ಟರೂ ಬರುತ್ತಿರಲಿಲ್ಲ.

ಬೆಟ್ಟದ ಸಾಲಿನ ಆಚೆ, ಎರಡು ದಿನದ ದಾರಿಯಲ್ಲಿ, ಆಕೆಯ ಅಕ್ಕನೂ ಹಾಸಿಗೆ ಹಿಡಿದಿದ್ದಳು. ಒಬ್ಬರ ಮುಖ ಒಬ್ಬರು ನೋಡಿ ಹನ್ನೊಂದು ವರ್ಷ. "ಒಂದು ಸಲ ಅವಳ ಕೈ ಹಿಡಿದು ಜಗಳ ಆಡಬೇಕು ಕಣೋ. ನನ್ನ ಕೆಂಪು ಶಾಲು ಇನ್ನೂ ವಾಪಸ್ ಕೊಟ್ಟಿಲ್ಲ ಅವಳು" ಎಂದು ಮಗನಿಗೆ ಗಂಟು ಬಿದ್ದಳು. ಕೂತು ಹೋಗುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ಯಂತ್ರವನ್ನು ಗಳಿಗೆಯೂ ಬಿಡುವಂತಿರಲಿಲ್ಲ.

"ಕರ್ಕೊಂಡು ಹೋಗ್ತೀನಿ. ದಾರಿಯುದ್ದಕ್ಕೂ ನಿನ್ನ ಪಕ್ಕದಲ್ಲೇ ಕೂತಿರ್ತೀನಿ" ಎಂದು ಮಾತು ಕೊಟ್ಟ.

ಹಳೆಯ ಶಾಲಾ ವ್ಯಾನೊಂದನ್ನು ತಂದು ನಾಲ್ಕು ತಿಂಗಳಲ್ಲಿ ಮನೆಗಾಡಿ ಮಾಡಿದ. ಅಮ್ಮನಿಗೆ ತಲೆ ಎತ್ತರಿಸುವ ಮಂಚ, ಯಂತ್ರಕ್ಕೆ ಎರಡು ದಪ್ಪ ಬ್ಯಾಟರಿ, ಮೂಲೆಯಲ್ಲಿ ಕಕ್ಕಸು, ಒಂದು ಒಲೆ, ನೆಲದ ಕೆಳಗೆ ನೂರೈವತ್ತು ಲೀಟರಿನ ನೀರಿನ ತೊಟ್ಟಿ. ಮಂಚದ ಪಕ್ಕಕ್ಕೆ ಒಂದು ಮಡಿಚುವ ಕುರ್ಚಿಯನ್ನೂ ಬೋಲ್ಟ್ ಹಾಕಿ ಕೂರಿಸಿದ. ಅದು ತನಗೆ.

ತೂಗಿಸಲು ತಂದ ದಿನ ನಾನೇ ಇದ್ದೆ. ಗಾಡಿಯನ್ನು ಕಟ್ಟೆಯ ಮೇಲೆ ನಿಲ್ಲಿಸಿ ಅವನು ಇಳಿದು ಬಂದ. ನಾನು ಚಕ್ರ ಸರಿಯಾಗಿ ನಿಂತಿದೆಯೇ ಎಂದು ಒಂದು ಸುತ್ತು ಹಾಕಿದೆ. ಹಿಂದಿನ ಚಕ್ರದ ಹತ್ತಿರ ಒಂದು ಸಣ್ಣ ಕೊಳವೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಚಪ್ಪಲಿ ಒದ್ದೆಯಾಯಿತು. ಗಾಡಿ ತೊಳೆದಿರಬೇಕು ಅಂದುಕೊಂಡೆ. ಚೀಟಿ ಬರೆದುಕೊಟ್ಟೆ: ಮೂರು ಸಾವಿರದ ನೂರ ನಲವತ್ತು. ಫಲಕದ ಮಿತಿ ಮೂರೂವರೆ ಸಾವಿರ.

"ಮುನ್ನೂರ ಅರವತ್ತು ಉಳೀತು" ಎಂದು ಚೀಟಿ ಮಡಿಚಿ ಜೇಬಿಗಿಟ್ಟ.

ಆ ಸಂಜೆ ಅವನ ಮನೆಗೆ ಹೋದರೆ ನಡುಮನೆಯಲ್ಲಿ ತಕ್ಕಡಿ ಇಟ್ಟುಕೊಂಡು ಕೂತಿದ್ದ. ಪಾತ್ರೆ, ಬಟ್ಟೆ, ಔಷಧಿ, ಗಾಲಿಕುರ್ಚಿ, ಎಲ್ಲವೂ ತಕ್ಕಡಿಗೆ. ನೂರ ಹತ್ತು ಕೆಜಿ ಇದ್ದ ಸಾಮಾನನ್ನು ಅಳೆದೂ ಸುರಿದೂ ನಲವತ್ತಕ್ಕೆ ಇಳಿಸಿದ್ದ.

"ನನ್ನನ್ನೂ ತೂಗಿಬಿಡು. ನಲವತ್ತು ಕೆಜಿ ಇದೀನಿ, ಅದರಲ್ಲಿ ಅರ್ಧ ಬೈಗುಳ. ಬೈಗುಳ ಇಲ್ಲೇ ಬಿಟ್ಟು ಬರ್ತೀನಿ" ಎಂದಳು ತಾಯಿ ಮಂಚದಿಂದ.

"ಅದನ್ನ ಬಿಟ್ರೆ ನಿಮ್ಮಕ್ಕ ನಿಮ್ಮನ್ನ ಗುರುತು ಹಿಡಿಯಲ್ಲ ಅತ್ತೆ" ಎಂದಳು ಸೊಸೆ.

ಜೋಪಾನ ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದ. ನೀರು ನೂರೈವತ್ತು. ಅಮ್ಮ ನಲವತ್ತು. ಹೆಂಡತಿ ಐವತ್ತೆಂಟು. ತಂಗಿ ಅರವತ್ತೆರಡು. ಸಾಮಾನು ನಲವತ್ತು. ಒಟ್ಟು ಮುನ್ನೂರೈವತ್ತು.

"ನೀನು?" ಎಂದಳು ತಂಗಿ. ಆಕೆ ಬಸ್ಸಿನ ಡ್ರೈವರ್. ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸುವವಳು ಅವಳೇ ಎಂದು ಮೊದಲೇ ತೀರ್ಮಾನವಾಗಿತ್ತು. ಇವನಿಗೆ ಶೆಡ್ಡಿನಿಂದ ಕಟ್ಟೆಯವರೆಗೆ ಓಡಿಸಿ ಗೊತ್ತೇ ಹೊರತು ಇಳಿಜಾರಿನ ಅಭ್ಯಾಸವಿಲ್ಲ.

"ನಾನು ಎಂಬತ್ತಾರು. ಉಳಿದಿರೋದು ಹತ್ತು."

ತಂಗಿ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಹಿಂದೆ ಒಂದು ಸಣ್ಣ ಟ್ರೈಲರ್ ಕಟ್ಕೊಳ್ಳೋಣ. ಸಾಮಾನು, ಬ್ಯಾಟರಿ ಅದಕ್ಕೆ ಹಾಕಿದ್ರಾಯ್ತು" ಎಂದಳು ತಂಗಿ.

"ಎಳೆಯೋದಕ್ಕೂ ಒಂದು ಮಿತಿ ಇದೆ ಕಣೇ. ಈ ಗಾಡಿ ಏನನ್ನೂ ಎಳೀಬಾರದು ಅಂತ ಕಂಪನಿಯೋರೇ ಬರೆದಿದಾರೆ. ಹೊರೋದು ಬೇರೆ, ಎಳೆಯೋದು ಬೇರೆ. ಹೊತ್ಕೊಂಡು ಎಳೆಯೋದಂತೂ ಇನ್ನೂ ಬೇರೆ. ಕೊಂಡಿ ಕಟ್ಟಿದ್ರೆ ಟ್ರೈಲರಿನ ಮೂಗಿನ ಭಾರ ಹಿಂದಿನ ಆಕ್ಸಲ್ ಮೇಲೇ ಕೂರುತ್ತೆ. ಇಳಿಜಾರಲ್ಲಿ ಅದು ನಿನ್ನ ತಳ್ಳುತ್ತೆ, ಬ್ರೇಕ್ ಇರೋದು ಒಂದೇ ಗಾಡಿಗೆ."

"ಹಂಗಾದ್ರೆ ನೀರು ಅರ್ಧ ಮಾಡಿ" ಎಂದಳು ಹೆಂಡತಿ.

"ಅರ್ಧ ತೊಟ್ಟಿ ನೀರು ತಿರುವಲ್ಲಿ ಅತ್ತಿಂದಿತ್ತ ಹೊಡೆಯುತ್ತೆ. ಮೇಲಾಗಿ ಬೆಟ್ಟದಲ್ಲಿ ಒಂದು ನಲ್ಲಿ ಇಲ್ಲ. ಅಮ್ಮನಿಗೆ ಬಟ್ಟೆ ಒದ್ದೆಯಾದ್ರೆ ಏನು ಮಾಡ್ತೀಯ?"

ನಾನು ಬಾಯಿ ಹಾಕಿದೆ. "ಎಪ್ಪತ್ತಾರು ಕೆಜಿ ತಾನೇ ಮಾರಾಯ? ನನ್ನ ಕಟ್ಟೆ ಮೇಲೆ ದಿನಾ ಟನ್ನುಗಟ್ಟಲೆ ಮೀರಿದ ಗಾಡಿಗಳು ಬರ್ತಾವೆ. ಎಲ್ಲಾ ಊರು ಮುಟ್ತಾವೆ."

"ಮುಟ್ಟದೇ ಇದ್ದೋನು ಒಬ್ಬ ದಿನಾ ನಮ್ಮ ಶೆಡ್ ಮುಂದೆ ಹೋಗ್ತಾನಲ್ಲ ಅಣ್ಣ" ಎಂದ.

ತಾಯಿಯ ಹತ್ತಿರ ಹೋಗಿ ಮಂಚದ ಅಂಚಿನಲ್ಲಿ ಕೂತ. "ಅಮ್ಮ, ನಾನು ಹಿಂದಿನ ದಿನವೇ ಬಸ್ಸಲ್ಲಿ ಹೋಗಿ ದೊಡ್ಡಮ್ಮನ ಬಾಗಿಲಲ್ಲಿ ನಿಂತಿರ್ತೀನಿ. ನೀನು ಇಳಿಯೋ ಹೊತ್ತಿಗೆ ಕೈ ಕೊಡ್ತೀನಿ. ಎರಡೇ ದಿನ."

ಆಕೆ ಅವನ ಮುಖ ನೋಡಿದಳು. "ಆಯ್ತು ಬಿಡು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದಳು. ಮತ್ತೆ, "ದಾರಿಯಲ್ಲಿ ಉಸಿರು ಕಟ್ಟಿದ್ರೆ?" ಎಂದಳು.

ಅವನು ಎದ್ದು ಗಾಡಿಗೆ ಹೋದ. ಮಡಿಚುವ ಕುರ್ಚಿಯನ್ನು ಬೋಲ್ಟ್ ಬಿಚ್ಚಿ ತೆಗೆದ. ಅದೊಂದು ಆರು ಕೆಜಿ.

ಅವನು ಬಸ್ಸು ಹತ್ತಿದ ಮರುದಿನ ಗಾಡಿ ಹೊರಟಿತು. ಮುಂದಿನದನ್ನು ಅವನ ಹೆಂಡತಿ ನಮಗೆ ಆಮೇಲೆ ಹೇಳಿದ್ದು. ಮೊದಲ ದಿನ ಅತ್ತೆ ಕಿಟಕಿಯಿಂದ ಕಂಡದ್ದಕ್ಕೆಲ್ಲ ಹೆಸರಿಡುತ್ತ ಗೆಲುವಾಗಿದ್ದಳು. ಎರಡನೇ ದಿನ ಬೆಟ್ಟದ ನೆತ್ತಿ ದಾಟುವಾಗ ಉಸಿರು ಕಟ್ಟಿತು. ಯಂತ್ರ ಸರಿಯಾಗಿಯೇ ನಡೆಯುತ್ತಿತ್ತು. ಸೊಸೆ ಬೆನ್ನ ಮೇಲೆ ಕೈ ಇಟ್ಟು "ನಿಧಾನ ಅಮ್ಮ" ಎಂದಳು, ಗಂಡನ ದನಿ ತೆಗೆದೂ ಹೇಳಿ ನೋಡಿದಳು. ಆಕೆ ಕಣ್ಣು ಮುಚ್ಚಿಕೊಂಡೇ ಪಕ್ಕಕ್ಕೆ ಕೈ ಚಾಚಿ, ಕುರ್ಚಿ ಇರಬೇಕಾದ ಜಾಗದಲ್ಲಿ ತಡಕಾಡಿದಳು. ಅಲ್ಲಿ ನೆಲದಲ್ಲಿ ನಾಲ್ಕು ಬೋಲ್ಟಿನ ತೂತು ಇತ್ತು, ಅಷ್ಟೇ.

ಆಸ್ಪತ್ರೆಗಿಂತ ದೊಡ್ಡಮ್ಮನ ಮನೆಯೇ ಹತ್ತಿರವಿತ್ತು. ಜೋಪಾನ ಹೇಳಿದಂತೆಯೇ ಬಾಗಿಲಲ್ಲಿ ನಿಂತಿದ್ದ. ಗಾಡಿ ಬಹಳ ನಿಧಾನವಾಗಿ ಬಂದದ್ದು ನೋಡಿಯೇ ಅವನಿಗೆ ತಿಳಿಯಿತಂತೆ. ತಂಗಿ ಹಾಗೆ ಓಡಿಸುವವಳಲ್ಲ. ಒಳಗಿನಿಂದ ದೊಡ್ಡಮ್ಮ "ಬಂದಳೇನೋ? ಶಾಲು ತೆಗೆದಿಟ್ಟಿದೀನಿ ಅನ್ನು ಅವಳಿಗೆ" ಎಂದು ಕೂಗುತ್ತಿದ್ದಳು. ತಾಯಿಯ ದೇಹಕ್ಕೆ ಆ ಶಾಲನ್ನೇ ಹೊದಿಸಿದರು.

ವಾಪಸು ಬಂದ ಮೇಲೆ ಎರಡು ವಾರ ಅವನು ಶೆಡ್ಡಿಗೆ ಬರಲಿಲ್ಲ. ಒಂದು ಮಧ್ಯಾಹ್ನ ನೇರ ನನ್ನ ಕೋಣೆಗೆ ಬಂದು ನಿಂತ.

"ಅಣ್ಣ, ನಿನ್ನೆ ತಂಗಿ ಮಾತಿಗೆ ಮಾತು ಬಂದು ಒಂದು ವಿಷಯ ಹೇಳಿದ್ಲು. ಹೊರಡೋ ಬೆಳಿಗ್ಗೆ ನೀರು ತುಂಬೋಣ ಅಂತ ಪೈಪ್ ಇಟ್ರೆ, ಇಟ್ಟ ತಕ್ಷಣ ಉಕ್ಕಿ ಹೊರಗೆ ಬಂತಂತೆ. ತೊಟ್ಟಿ ಆಗಲೇ ತುಂಬಿತ್ತಂತೆ."

ನನಗೆ ಮೊದಲು ಹೊಳೆಯಲಿಲ್ಲ.

"ಸೋರುತ್ತಾ ನೋಡೋಣ ಅಂತ ತೂಗಿಸೋ ಹಿಂದಿನ ದಿನ ನಾನೇ ತುಂಬಿಸಿದ್ದೆ. ಖಾಲಿ ಮಾಡಿದೆ ಅಂತಲೇ ತಿಳ್ಕೊಂಡಿದ್ದೆ. ಮಾಡಿಲ್ವಾ ಹಂಗಾದ್ರೆ? ತುಂಬಿದ ತೊಟ್ಟಿನೇ ನಿಮ್ಮ ಕಟ್ಟೆ ಮೇಲೆ ನಿಲ್ಲಿಸಿ, ಮನೆಗೆ ಹೋಗಿ ಅದೇ ನೀರನ್ನ ಇನ್ನೊಂದು ಸಲ ಕೂಡಿಸಿದ್ನಾ?" ಮೇಜಿನ ಅಂಚನ್ನು ಹಿಡಿದುಕೊಂಡ. "ತೊಟ್ಟಿ ತುಂಬಿದ್ರೆ ತುಳುಕಿದ್ದು ಹಿಂದಿನ ಕೊಳವೇಲಿ ಹನಿಯುತ್ತೆ. ಅವತ್ತು ಗಾಡಿ ಕೆಳಗೆ ನೀರು ಹನೀತಿತ್ತಾ ಅಣ್ಣ?"

ಮನಸ್ಸು ನನ್ನನ್ನು ಕೇಳದೆಯೇ ಲೆಕ್ಕ ಹಾಕಿಬಿಟ್ಟಿತ್ತು. ನೂರೈವತ್ತು ಕೆಜಿ ಸುಮ್ಮನೆ ಹೆಚ್ಚು ಹಿಡಿದಿದ್ದೆವು. ಅವನು ಕೂತಿದ್ದರೂ, ಕುರ್ಚಿ ಇಟ್ಟುಕೊಂಡಿದ್ದರೂ, ಇನ್ನೂ ಎಪ್ಪತ್ತನಾಲ್ಕು ಕೆಜಿ ಜಾಗ ಉಳಿಯುತ್ತಿತ್ತು.

"ಇಲ್ಲಪ್ಪ. ಒಣಗಿತ್ತು" ಎಂದೆ. ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಕೂತು ತೂಕದ ವಿಷಯದಲ್ಲಿ ಹೇಳಿದ ಒಂದೇ ಸುಳ್ಳು ಅದು.

"ಹೌದಾ" ಎಂದ. "ಸರಿ ಅಣ್ಣ, ಜೋಪಾನ" ಎಂದು ಹೋದ.

ಮನೆಗಾಡಿ ಶೆಡ್ಡಿನ ಹಿಂದೆ ನಿಂತು ಧೂಳು ತಿಂದಿತು. ಏಳೆಂಟು ತಿಂಗಳ ಮೇಲೆ ಅವನು ಮತ್ತೆ ಒಂದು ಗಾಡಿ ತೂಗಿಸಲು ತಂದ. ಹಲ್ಲಿನ ಡಾಕ್ಟರೊಬ್ಬರು ಅದರಲ್ಲೇ ಇದ್ದುಕೊಂಡು ಊರೂರು ತಿರುಗಲು ಮಾಡಿಸಿಕೊಂಡದ್ದು. ಕಟ್ಟೆ ಇನ್ನೂ ಹತ್ತು ಮಾರು ಇರುವಾಗಲೇ ನಿಲ್ಲಿಸಿ, ಇಳಿದು, ತೊಟ್ಟಿಯ ತಳದ ನಲ್ಲಿ ತಿರುಗಿಸಿದ. ನೀರು ಮಣ್ಣಿಗೆ ಸುರಿಯಿತು, ಆಮೇಲೆ ದಾರವಾಯಿತು, ಆಮೇಲೆ ಹನಿಯಾಯಿತು. ಅವನು ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದ. ಹಿಂದೆ ಎರಡು ಲಾರಿಯವರು ಹಾರ್ನ್ ಹೊಡೆದರು.

ನಾನು ಹೋಗಿ ಪಕ್ಕದಲ್ಲಿ ಕೂತೆ. ಮಂಡಿ ಲಟಕ್ಕೆಂದಿತು. "ಸಾಕು ಬಾರಪ್ಪ, ಖಾಲಿಯಾಯ್ತು."

"ಇರಿ ಅಣ್ಣ. ಇನ್ನೊಂದು ಹನಿ ಇದೆ."

ಅದು ಬೀಳುವವರೆಗೆ ಕಾದೆವು. ಅಷ್ಟು ತಿಂಗಳಿಂದ ಮುಚ್ಚಿಟ್ಟದ್ದನ್ನು ಆಗ ಹೇಳಿದೆ. "ಅವತ್ತು ಹನೀತಿತ್ತು ಕಣಯ್ಯ."

"ಗೊತ್ತು ಅಣ್ಣ" ಎಂದ, ನನ್ನ ಕಡೆ ತಿರುಗದೆ. "ಚೀಟಿ ಬರೆಯೋಕೆ ಒಳಗೆ ಹೋದಾಗ ನಿಮ್ಮ ಒದ್ದೆ ಚಪ್ಪಲಿ ನೆಲದ ಮೇಲೆ ಅಚ್ಚೊತ್ತಿತ್ತು. ನಾನೂ ನೋಡಿದ್ದೆ. ನೋಡಿದ್ದು ಆಮೇಲೆ ನೆನಪಾಯ್ತು."

ನಲ್ಲಿ ತಿರುಗಿಸಿ ಬಿಗಿ ಮಾಡಿದ. ಗಾಡಿಯನ್ನು ಕಟ್ಟೆಯ ಮೇಲೆ ಹತ್ತಿಸಿ, ಇಳಿದು ಬಂದು ಕಿಟಕಿಯ ಹೊರಗೆ ನಿಂತ.

"ಚೀಟಿಯಲ್ಲಿ ನೀರಿಲ್ಲ ಅಂತಲೂ ಬರೀರಿ ಅಣ್ಣ" ಎಂದ. ಬರೆದೆ.